ಕ್ಲಚ್ಚಿಲ್ಲದ ಲಾರಿ ಮತ್ತು ಒಂದು ಎಡಗಾಲು

ಕೆಟ್ಟ ಗಾಡಿಯನ್ನು ಸರಿ ಮಾಡಬಹುದು. ಏನೂ ಕೆಡದೆ, ಸ್ಟಾರ್ಟೂ ಆಗದೆ ನಿಂತ ಗಾಡಿ ಇದೆಯಲ್ಲ, ಅದು ಮೆಕ್ಯಾನಿಕ್ಕಿನ ಪ್ರಾಣ ತಿನ್ನುತ್ತದೆ. ನಂಜನಗೂಡಿನಲ್ಲಿ ಲಾರಿ ರಿಪೇರಿ ಶೆಡ್ಡು ಹಾಕಿಕೊಂಡು ಕೂತ ನನಗೆ ಅಂಥವು ಆಗಾಗ ಗಂಟು ಬೀಳುತ್ತಲೇ ಇರುತ್ತವೆ. ಗಾಡಿಯ ಜೊತೆಗೆ ಅದರ ಡ್ರೈವರೂ ಗಂಟು ಬೀಳುತ್ತಾನೆ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಬರದೆ ಇನ್ನೇನು ಮಾಡುತ್ತೆ? ಈ ಒಂದು ಲಾರಿಯ ಕಥೆ ಕೇಳಿದ ಮೇಲೆ ನೀವೇ ಹೇಳಿ.

ಲಾರಿ ಹದಿನಾರು ಎಂಬ ಊರಿನ ಒಬ್ಬ ಡ್ರೈವರನದು. ವಯಸ್ಸು ಐವತ್ತರ ಹತ್ತಿರ. ಮೀಸೆ ಚಿಗುರುವ ಮುಂಚೆಯೇ ಲಾರಿ ಹತ್ತಿದವನು. ವರ್ಷಗಟ್ಟಲೆ ಕ್ಲಚ್ ತುಳಿದು ತುಳಿದು ಅವನ ಎಡ ಮಂಡಿ ಸವೆದು ಹೋಗಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಕ್ಲಚ್ ತುಳಿದರೆ ಆಮೇಲೆ ನಡೆಯುವುದೂ ಕಷ್ಟ ಎಂದುಬಿಟ್ಟರು. ಇವನಿಗೆ ಲಾರಿ ಓಡಿಸುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ನಿಜ ಹೇಳಬೇಕೆಂದರೆ ಸೈಕಲ್ ಕೂಡ ಬರುವುದಿಲ್ಲ. ಹೆಂಡತಿಯ ಒಡವೆ, ಇದ್ದಬದ್ದದ್ದನ್ನೆಲ್ಲ ಸೇರಿಸಿ ಎಲ್ಲಿಂದಲೋ ಒಂದು ಸೆಕೆಂಡ್ ಹ್ಯಾಂಡ್ ಲಾರಿ ತಂದ. ಆಟೋಮ್ಯಾಟಿಕ್ ಗೇರು. ಕ್ಲಚ್ಚೇ ಇಲ್ಲ.

ಹಸುಗಳ ಫೀಡ್ ಮೂಟೆಯನ್ನು ನಂಜನಗೂಡಿನ ಗೋಡೌನಿನಿಂದ ಎರಡು ತಾಲ್ಲೂಕಿನ ಊರೂರು ಡೈರಿಗಳಿಗೆ ಸಾಗಿಸುವ ಕಂಟ್ರಾಕ್ಟರು ಒಬ್ಬರಿದ್ದಾರೆ. ಅವರ ಹತ್ತಿರ ಇವನನ್ನು ನಾನೇ ಕರೆದುಕೊಂಡು ಹೋದೆ. ಅವರು ಲಾರಿಯನ್ನು ಸುತ್ತು ಹಾಕಿ ನೋಡಿದರು, ಇವನು ಕುಂಟುವುದನ್ನೂ ನೋಡಿದರು.

"ಗಾಡಿಗೆ ಕ್ಲಚ್ಚಿಲ್ಲ, ಇವನಿಗೆ ಕಾಲಿಲ್ಲ. ಇಬ್ಬರನ್ನೂ ನಂಬಿ ಲೋಡ್ ಕೊಡು ಅಂತೀರಲ್ಲ ನೀವು!"

"ನಾನಿದ್ದೀನಿ ಸಾರ್, ನೋಡ್ಕೋತೀನಿ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅವನ ಮುಖ ನೋಡಲಾಗಲಿಲ್ಲ ಅಷ್ಟೇ.

"ಸರಿ. ಆದ್ರೆ ಲೋಡ್ ಇಟ್ಕೊಂಡು ದಾರೀಲಿ ನಿಂತು, ಡೈರಿಯವರು ನನಗೆ ಫೋನ್ ಮಾಡೋ ಹಾಗಾದ್ರೆ ಅವತ್ತಿಗೆ ಮುಗೀತು. ಆಮೇಲೆ ಅಳಬಾರದು" ಎಂದರು.

ಹೊರಗೆ ಬಂದ ಮೇಲೆ ಅವನು ಲಾರಿಯ ಬಾಗಿಲು ಸವರುತ್ತಾ, "ಇದು ನಿಂತ್ರೆ ನಾನೂ ನಿಂತಂಗೇ ಕಣಣ್ಣೋ" ಎಂದ. ಅಂದಿನಿಂದ ನನ್ನ ಫೋನು ಬಡಿದುಕೊಂಡಾಗಲೆಲ್ಲ ನನ್ನ ಎದೆಯೂ ಬಡಿದುಕೊಳ್ಳತೊಡಗಿತು.

ಓಡಿಹೋಗುವ ಗಾಡಿ

ಮೊದಲ ಫೋನು ಬನ್ನೂರಿನಿಂದ ಬಂತು.

"ಅಣ್ಣೋ, ಗಾಡಿ ಸ್ಟಾರ್ಟ್ ಆಯ್ತಾ ಇಲ್ಲ. ಕೀ ತಿರುಗ್ಸುದ್ರೆ ಟಕ್ ಅಂತಾನೂ ಅನ್ನಕಿಲ್ಲ. ಅರ್ಧ ಲೋಡು ಇನ್ನೂ ಮ್ಯಾಲೇ ಐತೆ. ಕಂಟ್ರಾಕ್ಟ್ರಿಗೆ ಏಳ್ಬ್ಯಾಡಿ!"

ಒಂದು ಬ್ಯಾಟರಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ನರಸೀಪುರದ ಮೇಲೆ ಹಾದು ಬನ್ನೂರಿಗೆ ಓಡಿದೆ. ಹೋಗುವಷ್ಟರಲ್ಲಿ ನನ್ನ ಸೊಂಟ ಬೇರೆ, ನಾನು ಬೇರೆ ಆಗಿದ್ದೆವು. ಲಾರಿ ಡೈರಿಯ ಮುಂದಿನ ಇಳಿಜಾರಿನಲ್ಲಿ ನಿಂತಿತ್ತು. ಹಿಂದಿನ ಚಕ್ರಕ್ಕೆ ಒಂದು ದೊಡ್ಡ ಕಲ್ಲು ಕೊಟ್ಟಿದ್ದ. ಸಂಜೆ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದ ಹೆಂಗಸರೆಲ್ಲ ಸುತ್ತ ನಿಂತಿದ್ದರು.

ಬ್ಯಾಟರಿ ಬದಲಾಯಿಸಿದೆ. ಅವನು ಕೀ ತಿರುಗಿಸಿದರೆ ಸದ್ದಿಲ್ಲ. ಫ್ಯೂಸುಗಳನ್ನೆಲ್ಲ ಒಂದೊಂದಾಗಿ ಕಿತ್ತು ನೋಡಿದೆ. ಎಲ್ಲ ಸರಿಯಾಗಿವೆ. ಕೆಳಗೆ ಮಲಗಿ, ಎಂಜಿನ್ ತಿರುಗಿಸುವ ಸೆಲ್ಫ್ ಮೋಟರಿಗೆ ಸುತ್ತಿಗೆಯಲ್ಲಿ ಎರಡು ಕೊಟ್ಟೆ. ಅದೂ ಮಾತಾಡಲಿಲ್ಲ. ಡೈರಿಯ ಸೆಕ್ರೆಟರಿ ಫೋನು ಕೈಯಲ್ಲಿ ಹಿಡಿದು, "ನೆಕ್ಸ್ಟ್ ಡೈರಿಯೋರು ಕಾಯ್ತಾವ್ರೆ. ಕಂಟ್ರಾಕ್ಟ್ರಿಗೆ ಒಂದು ಫೋನ್ ಹಾಕ್ಬಿಡ್ಲಾ?" ಎಂದು ಮೇಲಿಂದ ಮೇಲೆ ಕೇಳುತ್ತಿದ್ದ. ಅವನು ಕೇಳಿದಾಗಲೆಲ್ಲ ನಮ್ಮ ಡ್ರೈವರು, "ಬ್ಯಾಡಿ ಸಾ, ಇನ್ನೊಂದ್ಗಳಿಗೆ ಸಾ" ಎಂದು ಕೈ ಮುಗಿಯುತ್ತಿದ್ದ. ಒಬ್ಬ ಮುದುಕಿ ಬಗ್ಗಿ ಲಾರಿಯ ಅಡಿಯಲ್ಲಿದ್ದ ನನ್ನ ಮುಖ ನೋಡಿ, "ನಮ್ಮ ಅಸ ಕರ ಆಕೋವಾಗ್ಲೂ ಇಷ್ಟು ಒದ್ದಾಡ್ಲಿಲ್ಲ ಕಣಪ್ಪ" ಎಂದಳು.

ಬೆವರು ಒರೆಸಿಕೊಳ್ಳಲು ಬಟ್ಟೆ ಬೇಕಾಗಿ ಕ್ಯಾಬಿನ್ ಹತ್ತಿದೆ. ಆಗ ಕಣ್ಣಿಗೆ ಬಿತ್ತು. ಗೇರ್ ರಾಡು 'ಡಿ'ಯಲ್ಲಿ, ಅಂದರೆ ಓಡುವ ಗೇರಿನಲ್ಲಿ, ಕೂತಿದೆ! ಈ ಗಾಡಿ 'ಎನ್'ನಲ್ಲಿ, ನ್ಯೂಟ್ರಲ್ಲಿನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗುವುದು. ಮೊದಲ ದಿನವೇ ಅವನಿಗೆ ಹೇಳಿದ್ದೆ. ಬ್ಯಾಟರಿ ಹೊತ್ತುಕೊಂಡು ಬಂದ ಮಹಾನುಭಾವ ನಾನೂ ಅದನ್ನು ಮೊದಲು ನೋಡಬೇಕಿತ್ತು. ರಾಡನ್ನು 'ಎನ್'ಗೆ ತಳ್ಳಿ ಬ್ರೇಕ್ ಒತ್ತಿ ಕೀ ತಿರುಗಿಸಿದೆ. ಗಾಡಿ ತಕ್ಷಣ ಸ್ಟಾರ್ಟ್ ಆಯಿತು.

ನಮ್ಮ ಹಳೇ ಲಾರಿ ಡ್ರೈವರುಗಳು ಹ್ಯಾಂಡ್ ಬ್ರೇಕನ್ನು ನಂಬುವವರಲ್ಲ. ಎಲ್ಲೇ ನಿಲ್ಲಿಸಲಿ, ಗಾಡಿಯನ್ನು ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೇನೇ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುವುದು. ಇವನೂ ಅದನ್ನೇ ಮಾಡಿದ್ದ.

"ಲೇ, ಗೇರಲ್ಲಿ ಯಾಕೋ ಬಿಟ್ಟೆ?" ಎಂದು ಕಿರುಚಿದೆ.

"ಗೇರಲ್ಲಿ ಬಿಡ್ದಿದ್ರೆ ಗಾಡಿ ಓಡೋಗಕಿಲ್ವಾ ಅಣ್ಣೋ?"

"ಓಡಲಿ ಅಂತ ತಾನೇ ಕಣೋ ನಾನು ನಂಜನಗೂಡಿಂದ ಬ್ಯಾಟ್ರಿ ಹೊತ್ಕೊಂಡು ಬಂದಿರೋದು!"

ಕಟ್ಟಿದ ಕಾಲು

ಗಾಡಿ ಕ್ಲಚ್ ಬಿಟ್ಟಿತ್ತು ನಿಜ, ಆದರೆ ಅವನ ಎಡಗಾಲು ಕ್ಲಚ್ಚನ್ನು ಬಿಟ್ಟಿರಲಿಲ್ಲ. ಗೇರು ತಾನಾಗಿ ಬದಲಾಗುವಾಗ ಎಂಜಿನ್ನಿನ ಸದ್ದು ಸ್ವಲ್ಪ ಇಳಿಯುತ್ತದೆ. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಆ ನೋಯುವ ಕಾಲು ತಾನಾಗಿ ಎದ್ದು ಕ್ಲಚ್ ಹುಡುಕುತ್ತಿತ್ತು. ಕ್ಲಚ್ ಇಲ್ಲದ ಜಾಗದಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಬ್ರೇಕು. ಕ್ಲಚ್ ತುಳಿಯುವ ಹಾಗೆ ಬ್ರೇಕನ್ನು ತಳ ಕಾಣುವವರೆಗೆ ತುಳಿದರೆ ಏನಾಗುತ್ತದೆ ಎನ್ನುವುದು ನನಗೆ ನರಸೀಪುರದ ಸೇತುವೆಯ ಮೇಲೆ ಗೊತ್ತಾಯಿತು. ಅವನನ್ನು ಪಳಗಿಸೋಣ ಎಂದು ಪಕ್ಕದ ಸೀಟಿನಲ್ಲಿ ಕೂತಿದ್ದೆ. ಗೇರು ಬದಲಾಯಿತು, ಕಾಲು ಎದ್ದಿತು, ನನ್ನ ಹಣೆ ಗಾಜಿಗೆ ಹೋಗಿ ಬಡಿಯಿತು. ಹಿಂದೆ ಬರುತ್ತಿದ್ದ ಬಸ್ಸು ಇನ್ನೊಂದು ಗೇಣು ಬಂದಿದ್ದರೆ ನಾವು ಮೂಟೆಗಳ ಜೊತೆಗೇ ನದಿಯಲ್ಲಿರುತ್ತಿದ್ದೆವು. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ ನಮ್ಮಿಬ್ಬರ ಮನೆತನದವರನ್ನೆಲ್ಲ ನೆನೆದ.

ಸೇತುವೆಯಾಚೆ ಗಾಡಿ ನಿಲ್ಲಿಸಲು ಹೇಳಿದೆ. ಕೆಳಗಿಳಿದು ಯೋಚಿಸಿದೆ. ಕಾಲು ಮಾತು ಕೇಳದಿದ್ದರೆ ಅದನ್ನು ಕಟ್ಟಿಹಾಕುವುದೇ ದಾರಿ. ಅವನ ಹೆಗಲ ಮೇಲಿನ ಟವೆಲ್ಲನ್ನೇ ತೆಗೆದು ಎಡಗಾಲನ್ನು ಸೀಟಿನ ಕಾಲಿಗೆ ಭದ್ರವಾಗಿ ಕಟ್ಟಿದೆ. ಎರಡು ಸುತ್ತು ಸುತ್ತಿ, ಮೇಲೊಂದು ಕಗ್ಗಂಟು ಹಾಕಿದೆ. "ಇನ್ನು ಒಂದು ವಾರ ಹೀಗೇ ಓಡಿಸು, ಕಾಲು ಮರೆಯುತ್ತೆ" ಎಂದು ಹೇಳಿ ನಾನು ಬಸ್ಸು ಹಿಡಿದು ನಂಜನಗೂಡಿಗೆ ಬಂದೆ.

ಅವತ್ತೇ ಪೊಲೀಸರು ನರಸೀಪುರದ ಹೊರಗೆ ಅವನನ್ನು ತಡೆದರು. ಆಮೇಲೆ ಅವನೇ ನನಗೆ ಹೇಳಿದ್ದು.

"ರೆಕಾರ್ಡ್ ತಗೊಂಡು ಇಳಿದು ಬಾ" ಎಂದರಂತೆ ಸಾಹೇಬರು.

"ಇಳಿಯಕ್ಕಾಗಕಿಲ್ಲ ಸಾ."

"ಯಾಕೆ? ಕುಡಿದಿದ್ದೀಯಾ?"

"ಇಲ್ಲ ಸಾ. ಕಾಲು ಕಟ್ಟಾಕವ್ರೆ."

ಸಾಹೇಬರು ಗಾಬರಿಯಾಗಿ ಬಾಗಿಲು ತೆಗೆದು ನೋಡಿದರು. ಟವೆಲ್ಲು, ಗಂಟು, ಕಾಲು ಎಲ್ಲ ಕಂಡಿತು. ಇಬ್ಬರು ಪೇದೆಗಳು ಹಿಂದೆ ಓಡಿ ಮೂಟೆಗಳ ಮಧ್ಯೆ ಇನ್ನೂ ಯಾರನ್ನಾದರೂ ಕಟ್ಟಿಹಾಕಿದ್ದಾರಾ ಎಂದು ಹುಡುಕಿದರು. ಸಾಹೇಬರು ದನಿ ತಗ್ಗಿಸಿ, "ಹೆದರಬೇಡ, ನಾವಿದ್ದೀವಿ. ಡ್ರೈವರ್ ಓಡಿಹೋಗದ ಹಾಗೆ ಸೀಟಿಗೆ ಕಟ್ಟಿ ದುಡಿಸೋ ಮಾಲೀಕ ಯಾರಯ್ಯಾ ಅವನು? ಹೆಸರು ಹೇಳು, ಇವತ್ತೇ ಒಳಗೆ ಹಾಕ್ತೀನಿ" ಎಂದರು.

ಇವನು ತಲೆ ಕೆರೆದುಕೊಂಡು, "ಮಾಲೀಕ್ನೂ ನಾನೇ ಸಾ" ಎಂದನಂತೆ.

ಗೇರಿಗೆ ಪೂಜೆ

ಕಾಲು ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಗಾಡಿ ಹೊಸ ಆಟ ಶುರು ಮಾಡಿತು. ರಾಡು 'ಎನ್'ನಲ್ಲೇ ಇರುತ್ತದೆ, ಬ್ರೇಕೂ ಒತ್ತಿರುತ್ತಾನೆ, ಆದರೂ ಸ್ಟಾರ್ಟ್ ಆಗುವುದಿಲ್ಲ. ಹತ್ತು ಸಲ ಹಿಂದೆ ಮುಂದೆ ಆಡಿಸಿದರೆ ಒಂದು ಸಲ ಆಗುತ್ತದೆ. ಇವತ್ತು ಆಯಿತು, ನಾಳೆ ಇಲ್ಲ. ಮೆಕ್ಯಾನಿಕ್ಕಿಗೆ ಇದಕ್ಕಿಂತ ದೊಡ್ಡ ನರಕವಿಲ್ಲ. ನಾನು ಹೋದಾಗ ಗಾಡಿ ಒಳ್ಳೆಯ ಹುಡುಗಿಯ ಹಾಗೆ ಸ್ಟಾರ್ಟ್ ಆಗುತ್ತಿತ್ತು. ನಾನು ಮನೆ ಸೇರಿ ಕೈ ತೊಳೆದು ತಟ್ಟೆ ಮುಂದೆ ಕೂತ ಕೂಡಲೇ ಫೋನು ಬರುತ್ತಿತ್ತು.

ರಿಲೇ ಬದಲಾಯಿಸಿದೆ. ನ್ಯೂಟ್ರಲ್ ಗುರುತಿಸುವ ಸ್ವಿಚ್ಚಿನ ವೈರನ್ನು ಗೇರ್ ಬಾಕ್ಸಿನಿಂದ ಡ್ಯಾಶ್‌ಬೋರ್ಡಿನವರೆಗೆ ಬಿಚ್ಚಿ ನೋಡಿದೆ. ಗಾಡಿಯ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, "ಸರ್, ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ" ಎಂದಳು. "ಆನ್ ಆಗಿದ್ರೆ ನಿಮಗೆ ಯಾಕಮ್ಮಾ ಫೋನ್ ಮಾಡ್ತಿದ್ದೆ?" ಎಂದೆ. "ನಿಮ್ಮ ಸಮಸ್ಯೆ ಬಗೆಹರಿದಿದೆಯೇ ಸರ್?" ಎಂದು ಕೇಳಿ ಫೋನ್ ಇಟ್ಟಳು.

ಅಷ್ಟರಲ್ಲಿ ಕಂಟ್ರಾಕ್ಟರಿಗೆ ಸುದ್ದಿ ಮುಟ್ಟಿತ್ತು. ಒಂದು ಡೈರಿಗೆ ಮೂಟೆ ತಡವಾಗಿ ಹೋಗಿ, ಅಲ್ಲಿಯವರು ಫೋನ್ ಮಾಡಿಯೇಬಿಟ್ಟಿದ್ದರು. "ಇದೊಂದು ಸಲ ಬಿಟ್ಟಿದ್ದೀನಿ. ನಿಮ್ಮ ಮುಖ ನೋಡಿ ಬಿಟ್ಟಿದ್ದೀನಿ. ಇನ್ನೊಂದು ಸಲ ಇಲ್ಲ" ಎಂದು ನನಗೇ ಹೇಳಿದರು. ನನಗೆ ನಿಜವಾಗಿಯೂ ಭಯವಾಯಿತು. ಈ ಗಾಡಿ ಹೋದರೆ ಇವನು ಯಾವ ಗಾಡಿ ಹತ್ತುತ್ತಾನೆ? ಕ್ಲಚ್ ಇರುವ ಲಾರಿಯನ್ನು ಇವನು ನೋಡಬಹುದು, ಓಡಿಸುವ ಹಾಗಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಹದಿನಾರಿನ ಅವನ ಮನೆಗೇ ಹೋಗಿ ಕೂತೆ. ಏನಾಗುತ್ತದೋ ಕಣ್ಣಾರೆ ನೋಡಿಯೇ ಹೋಗುವುದು ಎಂದು ಹಟ. ಕೀ ತಿರುಗಿಸಿದ. ಸ್ಟಾರ್ಟ್ ಆಗಲಿಲ್ಲ. ನಾನು ಟೂಲ್ ಬಾಕ್ಸಿಗೆ ಕೈ ಹಾಕುವಷ್ಟರಲ್ಲಿ ಅವನ ಹೆಂಡತಿ ತಟ್ಟೆ ಹಿಡಿದು ಒಳಗಿಂದ ಬಂದಳು. ಅರಿಶಿನ, ಕುಂಕುಮ, ಹೂವು, ಅಕ್ಷತೆ ಎಲ್ಲ ಸಿದ್ಧವಾಗಿತ್ತು. ಸರಸರನೆ ಲಾರಿ ಹತ್ತಿದಳು. ಎಲ್ಲರೂ ಗಾಡಿಯ ಪೂಜೆ ಅಂದರೆ ಚಕ್ರಕ್ಕೆ, ಸ್ಟೇರಿಂಗಿಗೆ ಮಾಡುತ್ತಾರೆ. ಈಯಮ್ಮ ಗೇರ್ ರಾಡಿಗೆ ಕುಂಕುಮ ಇಟ್ಟು, ಹೂವು ಮುಡಿಸಿ, ಹಿಡಿ ಅಕ್ಷತೆಯನ್ನು ಅದರ ಬುಡಕ್ಕೆ ಹಾಕಿ ಕೈ ಮುಗಿದಳು. ಇವನು ಕಣ್ಣಿಗೊತ್ತಿಕೊಂಡು ರಾಡನ್ನು ಹಿಂದೆ ಮುಂದೆ ಆಡಿಸಿ ಕೀ ತಿರುಗಿಸಿದ. ಸ್ಟಾರ್ಟ್ ಆಯಿತು!

"ನೋಡುದ್ರಾ ಅಣ್ಣ? ನಿಮ್ಮ ಕೈಲಿ ಆಗದೇ ಇರೋದು ಇದರಲ್ಲಾಯ್ತದೆ" ಎಂದಳು ಆಕೆ.

"ದಿನಾ ಮಾಡ್ತೀಯೇನಮ್ಮಾ?"

"ದಿನಾ ಎಲ್ಲಾಯ್ತದೆ? ಸ್ಟಾರ್ಟ್ ಆಗ್ದೇ ಇದ್ದಾಗೆಲ್ಲ ಮಾಡ್ತೀನಿ. ಈಗೀಗ ಜಾಸ್ತಿ ಮಾಡ್ಬೇಕಾಗ್ಯದೆ."

ನನಗೆ ಇನ್ನೂ ಬುದ್ಧಿ ಹೊಳೆದಿರಲಿಲ್ಲ. ಸೋತು ಸೀಟಿನ ಮೇಲೆ ಕೂತೆ. ಕಾಲಿನ ಹತ್ತಿರ ಏನೋ ಕಚ್ಚಿತು. ಬಗ್ಗಿ ನೋಡಿದರೆ ಇರುವೆ. ಒಂದಲ್ಲ, ಒಂದು ಸಾಲು. ಬಾಗಿಲಿನಿಂದ ಹೊರಟು ಗೇರ್ ರಾಡಿನ ಬುಡದ ಸೀಳಿನೊಳಗೆ ಇಳಿಯುತ್ತಿವೆ. ಅಲ್ಲಿಂದ ಹೊರಗೆ ಬರುವ ಸಾಲಿನಲ್ಲಿ ಒಂದೊಂದರ ಬಾಯಲ್ಲೂ ಒಂದೊಂದು ಹಳದಿ ಅಕ್ಕಿ ಚೂರು!

ಸ್ಕ್ರೂಡ್ರೈವರ್ ತೆಗೆದು ರಾಡಿನ ಬುಡದ ಮುಚ್ಚಳ ಬಿಚ್ಚಿದೆ. ಒಳಗೆ ಒಬ್ಬರ ಚಿತ್ರಾನ್ನಕ್ಕಾಗುವಷ್ಟು ಅಕ್ಷತೆ ಇತ್ತು. ಅದರ ಮೇಲೆ ಒಣಗಿದ ಸೇವಂತಿಗೆ ಎಸಳು, ಎರಡು ಅಡಿಕೆ, ಒಂದು ತುಂಡು ಕರ್ಪೂರ. ಅಕ್ಕಿ ಅಡಿಯಲ್ಲಿ ಕೂತು ರಾಡನ್ನು ಪೂರ್ತಿ ನ್ಯೂಟ್ರಲ್ಲಿಗೆ ಹೋಗಲು ಬಿಡುತ್ತಿರಲಿಲ್ಲ. ಮೇಲೆ ನೋಡಿದರೆ 'ಎನ್', ಒಳಗೆ ಅಲ್ಲ. ಸ್ಟಾರ್ಟ್ ಆಗಲಿಲ್ಲ ಎಂದು ಆಕೆ ಅಕ್ಷತೆ ಹಾಕುವುದು, ಅಕ್ಷತೆ ಬಿದ್ದಿದ್ದಕ್ಕೆ ಮತ್ತೆ ಸ್ಟಾರ್ಟ್ ಆಗದಿರುವುದು, ಅದಕ್ಕೆ ಇನ್ನಷ್ಟು ಅಕ್ಷತೆ. ಬನ್ನೂರಿನಲ್ಲಿ ಗಾಡಿ ನಿಂತ ದಿನದಿಂದ, ಒಂದು ತಿಂಗಳು ಹೀಗೇ ನಡೆದಿತ್ತು. ಆಡಿಸುವಾಗ ಕಾಳು ಸರಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು, ಅದರ ಕೀರ್ತಿ ಪೂಜೆಗೆ ಹೋಗುತ್ತಿತ್ತು.

ಎಲ್ಲ ಬಳಿದು ಒಂದು ಪೇಪರಿನಲ್ಲಿ ಹಾಕಿ ಆಕೆಯ ಕೈಗೆ ಕೊಟ್ಟೆ. ನಾಚಿಕೆಪಡುತ್ತಾಳೆ ಎಂದುಕೊಂಡೆ. ಆಕೆ ನಾನು ಮುಚ್ಚಳ ಹಾಕುವವರೆಗೆ ತಾಳ್ಮೆಯಿಂದ ಕಾದು, ಗಾಡಿ ಸರಿಹೋದ ಖುಷಿಗೆ ಮತ್ತೆ ಒಂದು ಹಿಡಿ ಅಕ್ಷತೆ ತೆಗೆದಳು. ನಾನು ತಟ್ಟನೆ ರಾಡಿನ ಮೇಲೆ ಎರಡು ಕೈ ಅಡ್ಡ ಹಿಡಿದೆ.

"ಬೇಡಮ್ಮಾ, ನಿನ್ನ ಕಾಲು ಹಿಡೀತೀನಿ!"

"ತಗ್ದುದ್ದ ವಾಪಸ್ ಇಡಬಾರ್ದು ಅಣ್ಣ" ಎಂದು ಅದನ್ನು ನನ್ನ ತಲೆಯ ಮೇಲೆ ಹಾಕಿದಳು. "ನೀವೂ ಫೋನ್ ಮಾಡುದ್ರೆ ಬ್ಯಾಗ ಸ್ಟಾರ್ಟ್ ಆಗಕಿಲ್ಲ."

ಆಫ್ ಮಾಡದ ಎಂಜಿನ್

ಇದೊಂದು ಚಿಕ್ಕದು. ಗಾಡಿ ಸರಿಹೋಯಿತು, ಆದರೆ ಅವನ ಭಯ ಹೋಗಲಿಲ್ಲ. ಸ್ಟಾರ್ಟ್ ಮಾಡಿದರೆ ತಾನೇ ಆಗದೇ ಇರುವುದು? ಆಫೇ ಮಾಡದಿದ್ದರೆ? ಎಂದು ಅವನು ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ಸ್ಟಾರ್ಟ್ ಮಾಡಿಬಿಟ್ಟರೆ ಲೋಡ್ ತುಂಬುವಾಗ, ಇಳಿಸುವಾಗ, ಟೀ ಕುಡಿಯುವಾಗ, ಮನೆಗೆ ಊಟಕ್ಕೆ ಬಂದಾಗ ಎಲ್ಲ ಎಂಜಿನ್ ಗುರುಗುಡುತ್ತಲೇ ಇರುತ್ತಿತ್ತು. ಮನೆಯ ಮುಂದೆ ಅದರ ಸದ್ದಿಗೆ ಪಕ್ಕದ ಮನೆಯ ಹಸು ಹಾಲು ಇಳಿಸುವುದನ್ನು ನಿಲ್ಲಿಸಿತು.

ಆ ಮನೆಯವನು ಜಗಳಕ್ಕೆ ಬಂದ. "ಏನಯ್ಯಾ, ಅಸ ಆಲು ಕೊಡ್ತಾಯಿಲ್ಲ. ನಿನ್ನ ಗಾಡಿ ಆಫ್ ಮಾಡ್ತೀಯೋ ಇಲ್ವೋ?"

ನಮ್ಮವನು ತಣ್ಣಗೆ, "ಫೀಡು ಆಕು. ಒಳ್ಳೇ ಫೀಡು, ನಾನೇ ತಂದಿಳ್ಸಿರೋದು" ಎಂದ.

ರೈಲ್ವೆ ಗೇಟು

ಒಂದು ದಿನ ಕಂಟ್ರಾಕ್ಟರು ತಾವೇ ಲಾರಿಯಲ್ಲಿ ಬರುತ್ತೇನೆ ಎಂದರು. ಕವಲಂದೆ ಕಡೆಯ ಡೈರಿಗಳಿಗೆ ಲೋಡು. "ಕಣ್ಣಾರೆ ನೋಡ್ತೀನಿ. ಸರಿಯಾಗಿ ಓಡಿಸಿದ್ರೆ ಸರಿ. ದಾರೀಲಿ ನಿಂತ್ರೆ ಅಲ್ಲೇ ಇಳಿದು ಬೇರೆ ಗಾಡಿ ಕರೆಸ್ತೀನಿ, ನೀನು ಮನೆಗೆ ಹೋಗು" ಎಂದು ಅವನಿಗೆ ಹೇಳಿದರು. ಅವನು ನಕ್ಕ ಹಾಗೆ ಮಾಡಿದ. ಗುರುಗುಡುತ್ತಲೇ ಇದ್ದ ಲಾರಿ ಹತ್ತಿ ಕೂತ.

ಅವರು ಹೊರಟ ಮೇಲೆ ನನಗೂ ಶೆಡ್ಡಿನಲ್ಲಿ ಕೂರಲಾಗಲಿಲ್ಲ. ಬೈಕು ತೆಗೆದುಕೊಂಡು ನಾನೂ ಅದೇ ದಾರಿ ಹಿಡಿದೆ. ಸ್ವಲ್ಪ ದೂರ ಹೋಗಿದ್ದೆ, ಫೋನು ಬಂತು.

"ಅಣ್ಣೋ! ನಿಂತೋಯ್ತು! ರೈಲ್ವೆ ಗೇಟಲ್ಲಿ! ಕಂಬಿ ಮ್ಯಾಲೆ ಕಣಣ್ಣೋ!"

ಆ ಗೇಟಿನಲ್ಲಿ ರಸ್ತೆ ಏರಿ ಕಂಬಿ ದಾಟುತ್ತದೆ. ಗಾಡಿ ಹಿಂದಕ್ಕೆ ಜಾರಿದರೆ ಹಿಂದೆ ನಿಂತವರ ಮೇಲೆ ಹೋಗುತ್ತದೆ. "ನ್ಯೂಟ್ರಲ್ಲಿಗೆ ಹಾಕು. ಬ್ರೇಕು ಒತ್ತಿ ಹಿಡ್ಕೋ. ನಾನು ಹೇಳೋವರೆಗೂ ಕಾಲು ತೆಗೀಬೇಡ! ಬಂದೆ" ಎಂದು ಕೂಗಿ ಬೈಕನ್ನು ಹಾರಿಸಿದೆ.

ಹೋಗಿ ನೋಡಿದರೆ ಅವನು ಹೇಳಿದ್ದು ಸುಳ್ಳಲ್ಲ. ಲಾರಿಯ ಹೊಟ್ಟೆ ಸರಿಯಾಗಿ ಕಂಬಿಯ ಮೇಲೆ. ಗೇಟ್‌ಮನ್ ಕೆಂಪು ಬಾವುಟ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಗೇಟು ಹಾಕಲಾಗದ್ದರಿಂದ ಚಾಮರಾಜನಗರದ ಕಡೆಯಿಂದ ಬಂದ ರೈಲು ದೂರದ ಸಿಗ್ನಲ್ಲಿನಲ್ಲಿ ನಿಂತು ಒಂದೇ ಸಮನೆ ಸೀಟಿ ಹಾಕುತ್ತಿತ್ತು. ಎರಡೂ ಕಡೆ ಟ್ರಾಕ್ಟರು, ಬೈಕು, ಆಟೋ ಸಾಲು ನಿಂತಿದ್ದವು. ಬಿಳಿ ಶರ್ಟಿನ ಕಂಟ್ರಾಕ್ಟರು ಇಳಿದು, ಬೇರೆ ಲಾರಿಗೆ ಫೋನ್ ಮಾಡಲು ನಂಬರ್ ಹುಡುಕುತ್ತಿದ್ದರು. ನನ್ನನ್ನು ಕಂಡು, "ನೋಡ್ಕೋತೀನಿ ಅಂದಿದ್ರಲ್ಲ, ಬನ್ನಿ, ನೋಡ್ಕೊಳ್ಳಿ" ಎಂದರು.

ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಕಿಟಕಿಯಿಂದಲೇ ಕೈ ಹಾಕಿ ಕೀ ತಿರುಗಿಸಿದೆ. ಸೆಲ್ಫ್ ಹೊಡೆಯುತ್ತಿದೆ, ಎಂಜಿನ್ ಹಿಡಿಯುತ್ತಿಲ್ಲ. ಅಂದರೆ ಗೇರಿನದೂ ಅಲ್ಲ, ಸ್ವಿಚ್ಚಿನದೂ ಅಲ್ಲ. ಮೀಟರ್ ನೋಡಿದೆ. ಡೀಸೆಲ್ ಮುಳ್ಳು ತಳದಲ್ಲಿ ಮಲಗಿತ್ತು. ಬೆಳಗ್ಗೆ ಎದ್ದಾಗಿನಿಂದ ಆಫ್ ಮಾಡದೆ ಉರಿಸಿದರೆ ಇನ್ನೇನಾಗುತ್ತದೆ?

"ಡೀಸೆಲ್ ನೋಡ್ಲಿಲ್ವೇನೋ?"

"ನಾನು ಬರೀ ಗೇರ್ ರಾಡೇ ನೋ‍ಡ್ತಿದ್ನಲ್ಲಣ್ಣೋ" ಎಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ಸ್ಟೇರಿಂಗನ್ನು ಎರಡು ಕೈಯಲ್ಲಿ ಹಿಡಿದು ಎದುರಿಗೆ ನೋಡುತ್ತಾ ಕಲ್ಲಿನ ಹಾಗೆ ಕೂತಿದ್ದ. ಬೈಯಲು ಬಾಯಿ ತೆರೆದವನು ಅವನ ಮುಖ ನೋಡಿ ಕೆಳಗಿಳಿದೆ.

ಡೀಸೆಲ್ ತರುವವರೆಗೆ ರೈಲು ಕಾಯುತ್ತದೆಯೇ? ತಳ್ಳುವುದೊಂದೇ ದಾರಿ. ರಾಡು ನ್ಯೂಟ್ರಲ್ಲಿನಲ್ಲೇ ಇದೆ, ಕಂಬಿ ದಾಟಿಸಿದರೆ ಆಚೆ ಇಳಿಜಾರು. "ಎಲ್ಲಾ ಬನ್ರಪ್ಪೋ, ಒಂದು ಕೈ ಹಾಕಿ!" ಎಂದು ಕೂಗಿದೆ. ಆಟೋದವರು, ಟ್ರಾಕ್ಟರಿನವರು, ಹೊಲದಲ್ಲಿದ್ದವರು ಎಲ್ಲ ಓಡಿಬಂದರು. ಕಂಟ್ರಾಕ್ಟರು ಕೂಡ ಫೋನನ್ನು ಜೇಬಿಗೆ ಹಾಕಿ ತೋಳು ಮಡಿಸಿದರು. ನಾನೂ ಹಿಂದೆ ಹೋಗಿ ಭುಜ ಕೊಟ್ಟೆ.

"ಐಸಾ!"

ಲಾರಿ ಕದಲಲಿಲ್ಲ.

"ಮೂಟೆ ಭಾರ ಕಣ್ರೀ, ಜೋರಾಗಿ ತಳ್ಳಿ. ಐಸಾ!"

ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ರೈಲಿನ ಸೀಟಿ ಇನ್ನೂ ಜೋರಾಯಿತು. ಅದರಲ್ಲಿದ್ದವರು ಏನಾಯಿತೆಂದು ಇಳಿದು ಕಂಬಿಯ ಪಕ್ಕದಲ್ಲೇ ನಡೆದು ಬಂದರು. ಮೈಸೂರಿನ ಆಫೀಸುಗಳಿಗೆ ಹೊರಟವರು. ಟಿಫಿನ್ ಬ್ಯಾಗನ್ನು ಬೇಲಿಗೆ ನೇತುಹಾಕಿ, ಶರ್ಟಿನ ತೋಳು ಮಡಿಸಿ ಅವರೂ ಸೇರಿದರು. ನಿಲ್ಲಲು ಜಾಗವಿಲ್ಲದೆ ಹಿಂದಿನವರು ಮುಂದಿನವರ ಬೆನ್ನು ತಳ್ಳಿದರು. ನನ್ನ ಕೆನ್ನೆ ಲಾರಿಯ ಹಿಂಬದಿಗೆ ಅಂಟಿಕೊಂಡಿತ್ತು, ಕಂಟ್ರಾಕ್ಟರ ಬೆವರು ನನ್ನ ಕಿವಿಯೊಳಗೆ ಹೋಗುತ್ತಿತ್ತು. ಗೇರ್ ಬಾಕ್ಸು ಜಾಮ್ ಆಗಿದೆ, ಮುಗಿಯಿತು, ಇವನ ಕೆಲಸವೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು ಎಂದುಕೊಂಡೆ. ಅಳುವೇ ಬಂತು.

ಅಷ್ಟರಲ್ಲಿ ಗೇಟ್‌ಮನ್ ಬಾವುಟ ಬಿಸಾಕಿ ಓಡಿಬಂದು ನನ್ನ ಮೂಗಿನ ಪಕ್ಕದಲ್ಲಿ ಬೆರಳು ತೋರಿಸಿದ.

"ಅಲ್ಲಾ ಕಣ್ರೀ, ಕೆಂಪು ಲೈಟು ಉರೀತಾ ಐತೆ! ಕೆಂಪು ಇರೋವಾಗ ಎಂಗ್ರೀ ಮುಂದಕ್ಕೋಯ್ತದೆ?"

ನೋಡಿದೆ. ಬ್ರೇಕ್ ಲೈಟು! ನನ್ನ ಕಣ್ಣಿನ ಪಕ್ಕದಲ್ಲೇ ಧಗಧಗ ಉರಿಯುತ್ತಿದೆ.

ಜನರ ಕಾಲಡಿಯಿಂದ ನುಸುಳಿ ಹೊರಗೆ ಬಂದು ಮುಂದಕ್ಕೆ ಓಡಿದೆ. ಅವನು ಹಲ್ಲು ಕಚ್ಚಿ, ಬಲಗಾಲನ್ನು ಬ್ರೇಕಿನ ಮೇಲೆ ನೆಟ್ಟು, ಸೀಟಿನಿಂದ ಅರ್ಧ ಎದ್ದು ನಿಂತು ಒತ್ತುತ್ತಿದ್ದ. ಹಣೆಯ ನರ ಉಬ್ಬಿತ್ತು.

"ಬಿಡೋ! ಕಾಲು ಬಿಡೋ!"

ಬಿಟ್ಟ. ಲಾರಿ ಒಮ್ಮೆಲೇ ಮುಂದಕ್ಕೆ ಹಾರಿ ಕಂಬಿ ದಾಟಿ ಇಳಿಜಾರಿನಲ್ಲಿ ಹೋಗಿ ನಿಂತಿತು. ತಳ್ಳುತ್ತಿದ್ದವರೆಲ್ಲ ಕಂಬಿಯ ಮೇಲೆ ಒಬ್ಬರ ಮೇಲೊಬ್ಬರು ರಾಶಿ ಬಿದ್ದರು. ಕಂಟ್ರಾಕ್ಟರು ಎಲ್ಲರಿಗಿಂತ ಕೆಳಗಿದ್ದರು. ಗೇಟ್‌ಮನ್ ಒಬ್ಬೊಬ್ಬರನ್ನೇ ಎಳೆದು ಆಚೆ ಹಾಕಿ ಗೇಟು ಮುಚ್ಚಿದ. ರೈಲಿನವರು ಟಿಫಿನ್ ಬ್ಯಾಗು ಹಿಡಿದು ರೈಲಿನ ಕಡೆ ಓಡಿದರು.

ನಾನು ಲಾರಿಯ ಬಾಗಿಲು ಕಿತ್ತು ಬರುವ ಹಾಗೆ ತೆಗೆದೆ.

"ಲೇ, ಅಷ್ಟು ಜನ ತಳ್ತಾ ಇದ್ದಾಗ ಬ್ರೇಕ್ ಯಾಕೋ ಹಿಡ್ಕೊಂಡಿದ್ದೆ?"

"ನೀವು ಏಳೋಗಂಟ ತಗೀಬ್ಯಾಡ ಅಂದಿದ್ರಲ್ಲಣ್ಣೋ."

"ತಳ್ಳೋದು ಕಾಣಿಸ್ಲಿಲ್ವಾ?"

"ಕನ್ನಡೀಲಿ ಕಾಣುಸ್ತು. ನೀವೂ ತಳ್ತಿದ್ರಿ, ಕಂಟ್ರಾಕ್ಟ್ರೂ ತಳ್ತಿದ್ರು. ಅದುಕ್ಕೇ, ಎಲ್ಲಾ ಸೇರ್ಕೊಂಡು ನನ್ನ ಕಾಲಲ್ಲಿ ಬಲ ಐತೋ ಇಲ್ವೋ ಅಂತ ಚೆಕ್ ಮಾಡ್ತಾವ್ರೆ ಅಂದ್ಕೊಂಡೆ. ಸತ್ರೂ ಬಿಡ್ಬಾರ್ದು ಅಂತ ಒತ್ತಿದ್ದೇ ಒತ್ತಿದ್ದು" ಎಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಹಿಂದೆ ಯಾರೋ ಕೆಮ್ಮಿದರು. ಕಂಟ್ರಾಕ್ಟರು. ಬಿಳಿ ಶರ್ಟಿನ ತುಂಬ ಮಣ್ಣು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಅವನನ್ನು ಮೇಲಿಂದ ಕೆಳಗೆ ನೋಡಿದರು, ಜೇಬಿನಿಂದ ಫೋನು ತೆಗೆದರು, ನೋಡಿ ಮತ್ತೆ ಒಳಗೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಡೀಸೆಲ್ ತರಿಸಿ, ನಾಳೆ ಬೆಳಿಗ್ಗೆ ಮತ್ತೆ ಲೋಡಿಗೆ ಕಳಿಸಿ. ಒಂದು ರೈಲು ಜನ ಸೇರಿದ್ರೂ ಅಲ್ಲಾಡಿಸೋಕಾಗಲಿಲ್ಲ, ಇವನನ್ನ ಕೆಲಸದಿಂದ ತೆಗೆಯೋಕೆ ನನ್ನೊಬ್ಬನ ಕೈಲಿ ಆಗುತ್ತೇನ್ರೀ?"